ಜಾತಿ ಕೇಳಬೇಡಿ, ರಕ್ತ ನೋಡಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಕರ್ನಾಟಕದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ. ನಾನು ಪಾವಗಡ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಶಿಕ್ಷಕಿ. ನಮ್ಮಪ್ಪನದು ದಿನಸಿ ಅಂಗಡಿ. ಮನೆಯಲ್ಲಿ ತೆಲುಗು, ಅಂಗಡಿಯಲ್ಲಿ ಕನ್ನಡ. ನಾವು ಆರ್ಯವೈಶ್ಯರು. ಜಾತಿ ಹೇಳಿಕೊಂಡು ಪತ್ರ ಶುರು ಮಾಡುವುದು ನನಗೆ ಇಷ್ಟವಿಲ್ಲ. ಆದರೆ ನಾನು ಹೇಳಬೇಕಾದ ವಿಷಯ ಅಲ್ಲಿಂದಲೇ ಶುರುವಾಗುತ್ತದೆ: ಆಪರೇಷನ್ನಿನಲ್ಲಿ ಕೊಡುವ ಒಂದು ಇಂಜೆಕ್ಷನ್ ನಮ್ಮವರಲ್ಲಿ ಕೆಲವರ ಮೈಗೆ ತಡೆಯುವುದಿಲ್ಲ.

ಎರಡು ವರ್ಷದ ಹಿಂದೆ ಅಮ್ಮನಿಗೆ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಆಯಿತು. ಪಟ್ಟಣದ ಒಂದು ನರ್ಸಿಂಗ್ ಹೋಂ, ಹೆಸರು ಬೇಡ. ಬಿಪಿ, ಶುಗರ್, ಇಸಿಜಿ ಎಲ್ಲ ನೋಡಿ ಫಿಟ್ ಅಂದಿದ್ದರು. ಒಂದೂವರೆ ಗಂಟೆಯ ಕೆಲಸ ಅಂದಿದ್ದರು. ಅಪ್ಪ ಫ್ಲಾಸ್ಕಿನಲ್ಲಿ ಕಾಫಿ ತಂದಿಟ್ಟುಕೊಂಡು ಕೂತಿದ್ದರು. ಮೂರು ಗಂಟೆ ಆಯಿತು, ನಾಲ್ಕಾಯಿತು. ಸರ್ಜನ್ ಹೊರಗೆ ಬಂದು, ಆಪರೇಷನ್ ಚೆನ್ನಾಗಿ ಆಗಿದೆ, ಆದರೆ ಉಸಿರು ಇನ್ನೂ ತಾವಾಗಿ ತಗೊಳ್ತಿಲ್ಲ ಅಂದರು. ಬಾಗಿಲು ತೆರೆದು ಮುಚ್ಚುವಷ್ಟರಲ್ಲಿ ನನಗೆ ಕಂಡದ್ದು ಇಷ್ಟೇ: ಒಬ್ಬ ಹುಡುಗ ಅಮ್ಮನ ತಲೆಯ ಹತ್ತಿರ ನಿಂತು ರಬ್ಬರಿನ ಬ್ಯಾಗ್ ಒತ್ತುತ್ತಿದ್ದ. ಬಿಡುತ್ತಿದ್ದ. ಮತ್ತೆ ಒತ್ತುತ್ತಿದ್ದ. ಅಮ್ಮನ ಉಸಿರು ಆ ಹುಡುಗನ ಕೈಯಲ್ಲಿತ್ತು.

ಆರು ಗಂಟೆಯ ಮೇಲೆ ಅಮ್ಮ ಬೆರಳು ಆಡಿಸಿದಳು. ಮಾರನೇ ದಿನ ಮಾತು ಬಂದ ಮೇಲೆ ನನ್ನ ಕೈ ಹಿಡಿದು, ತೆಲುಗಿನಲ್ಲೇ ಹೇಳಿದಳು: "ಎಲ್ಲ ಕೇಳಿಸ್ತಿತ್ತು ಕಣೇ. ಟೈಮ್ ಎಷ್ಟಾಯ್ತು ಅಂತ ಯಾರೋ ಕೇಳಿದ್ರು. ಇನ್ನೊಬ್ರು ಹೇಳಿದ್ರು. ಕಣ್ಣು ತೆಗೀಬೇಕು ಅಂದ್ರೆ ರೆಪ್ಪೇನೇ ನನ್ನ ಮಾತು ಕೇಳ್ತಿಲ್ಲ." ಈ ಮಾತನ್ನು ಅವಳು ಇವತ್ತಿಗೂ ಪೂರ್ತಿ ಹೇಳಿ ಮುಗಿಸುವುದಿಲ್ಲ, ಅರ್ಧಕ್ಕೇ ಎದ್ದು ಒಳಗೆ ಹೋಗುತ್ತಾಳೆ.

ಡಿಸ್ಚಾರ್ಜ್ ಸಮ್ಮರಿಯಲ್ಲಿ "ಡಿಲೇಡ್ ರಿಕವರಿ" ಎಂದು ಎರಡೇ ಪದ ಬರೆದಿತ್ತು. ಯಾಕೆ ತಡವಾಯಿತು ಎಂದು ಬರೆದಿರಲಿಲ್ಲ. ನಾವೂ ಕೇಳಲಿಲ್ಲ. ದೇವರು ದೊಡ್ಡವನು ಅಂದುಕೊಂಡು ಮನೆಗೆ ಬಂದೆವು.

ಎಂಟು ತಿಂಗಳ ಮೇಲೆ ನನ್ನ ಸೋದರಮಾವನಿಗೆ ಅಪೆಂಡಿಕ್ಸ್. ಬೇರೆ ಊರು, ಬೇರೆ ಆಸ್ಪತ್ರೆ. ಆದದ್ದು ಮಾತ್ರ ಅದೇ. ಆದರೆ ಅಲ್ಲಿದ್ದ ಅನಸ್ತೇಶಿಯಾ ಡಾಕ್ಟರು ಹಿರಿಯರು. ಮಾವನನ್ನು ವೆಂಟಿಲೇಟರಿಗೆ ಹಾಕಿ, ನಿದ್ದೆ ಬರುವ ಔಷಧ ಮುಂದುವರಿಸಿ, ಹೊರಗೆ ಬಂದು ಅತ್ತೆಯನ್ನು ಮೆಲ್ಲಗೆ ಕೇಳಿದರು: "ಅಮ್ಮಾ, ತಪ್ಪು ತಿಳ್ಕೋಬೇಡಿ, ನೀವು ವೈಶ್ಯರಾ?"

ಆ ಒಂದು ಪ್ರಶ್ನೆಯ ಹಿಂದೆ ಎಷ್ಟೆಲ್ಲ ಇದೆ ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಆಪರೇಷನ್ನಿಗೆ ಮೊದಲು ಗಂಟಲೊಳಗೆ ನಳಿಕೆ ಇಳಿಸಬೇಕಲ್ಲ, ಆಗ ಸ್ನಾಯುಗಳು ಸಡಿಲವಾಗಲಿ ಎಂದು ಒಂದು ಇಂಜೆಕ್ಷನ್ ಕೊಡುತ್ತಾರೆ. ಸಕ್ಸಿನೈಲ್‌ಕೋಲಿನ್ ಅದರ ಹೆಸರು. ಆಪರೇಷನ್ ಥಿಯೇಟರಿನವರು ಸ್ಕೋಲಿನ್ ಅನ್ನುತ್ತಾರೆ. 1951ರಿಂದ ಬಳಕೆಯಲ್ಲಿದೆ. ಒಂದು ನಿಮಿಷದೊಳಗೆ ಕೆಲಸ ಶುರು, ಐದು ಹತ್ತು ನಿಮಿಷಕ್ಕೆ ಮುಗಿದುಹೋಗುತ್ತದೆ. ಅರ್ಜೆಂಟಿನಲ್ಲಿ ಇದರಷ್ಟು ಕೈಗೆ ಬರುವ ಔಷಧ ಕಡಿಮೆ. ಅದು ಅಷ್ಟು ಬೇಗ ಮುಗಿಯುವುದಕ್ಕೆ ಕಾರಣ ನಮ್ಮ ರಕ್ತದಲ್ಲಿರುವ ಒಂದು ಕಿಣ್ವ, ಬ್ಯುಟಿರಿಲ್‌ಕೋಲಿನೆಸ್ಟರೇಸ್. ಲಿವರ್ ಅದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಸ್ಕೋಲಿನ್ ರಕ್ತಕ್ಕೆ ಬಿದ್ದ ಕೂಡಲೇ ಈ ಕಿಣ್ವ ಅದನ್ನು ಒಡೆದು ಹಾಕುತ್ತದೆ. ಕಿಣ್ವವೇ ಇಲ್ಲದವರಲ್ಲಿ ಒಡೆಯುವವರು ಯಾರೂ ಇಲ್ಲ. ಹತ್ತು ನಿಮಿಷ ಸಡಿಲವಾಗಬೇಕಿದ್ದ ಮೈ ಗಂಟೆಗಟ್ಟಲೆ ಹಾಗೇ ಬಿದ್ದಿರುತ್ತದೆ. ಎದೆ ಏಳುವುದಿಲ್ಲ. ಅಷ್ಟರಲ್ಲಿ ನಿದ್ದೆಯ ಔಷಧ ಇಳಿದುಬಿಟ್ಟರೆ, ನಮ್ಮಮ್ಮನ ಹಾಗೆ, ಎಚ್ಚರವಿದ್ದೂ ಕೊರಡಾಗಿ ಮಲಗಿರಬೇಕು.

ಈ ಕಿಣ್ವದ ಜೀನ್ ಮೂರನೇ ವರ್ಣತಂತುವಿನಲ್ಲಿದೆ. ಕೊಯಮತ್ತೂರಿನ ವೈಶ್ಯ ಕುಟುಂಬಗಳನ್ನು ನೋಡಿದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಕಿಣ್ವದ 307ನೇ ಜಾಗದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ಪ್ರೋಲಿನ್ ಎಂಬ ಇನ್ನೊಂದು ಬಂದು ಕೂತಿದೆ. ಒಂದು ಅಕ್ಷರ ತಪ್ಪಿ ಇಡೀ ಪದ ಕೆಟ್ಟ ಹಾಗೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಎರಡೂ ಪ್ರತಿ ಹೀಗೆ ಬಂದವರಲ್ಲಿ ಕಿಣ್ವ ಕೆಲಸ ಮಾಡುವುದೇ ಇಲ್ಲ ಅನ್ನಬಹುದು.

ಮುಂದೆ 2017ರಲ್ಲಿ ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಸಿಸಿಎಂಬಿಯ ಕೆ. ತಂಗರಾಜ್ ಮತ್ತು ಹಾರ್ವರ್ಡಿನ ಡೇವಿಡ್ ರೈಖ್ ಅವರ ತಂಡಗಳು ಸೇರಿ ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳ 2,800ಕ್ಕೂ ಹೆಚ್ಚು ಜನರ ಜೀನೋಮ್, ಅಂದರೆ ಅವರ ಜೀನ್‌ಗಳ ಇಡೀ ಬರಹ, ಹೋಲಿಸಿದವು. ಅವರಿಗೆ ಕಂಡದ್ದನ್ನು ಅಂಗಡಿ ಮನೆಯ ಮಗಳಾಗಿ ನಾನು ಹೀಗೆ ಹೇಳುತ್ತೇನೆ. ಒಂದು ಮೂಟೆ ಕಡಲೆಕಾಯಿಯಲ್ಲಿ ಅಲ್ಲೊಂದು ಇಲ್ಲೊಂದು ಬೇರೆ ಬಣ್ಣದ ಬೀಜ ಇರುತ್ತದೆ. ಅದರಿಂದ ಒಂದೇ ಹಿಡಿ ಬಿತ್ತನೆಗೆ ಎತ್ತಿಕೊಂಡೆವು ಅನ್ನಿ. ಆ ಹಿಡಿಯಲ್ಲಿ ಒಂದು ಬಣ್ಣದ ಬೀಜ ಸಿಕ್ಕಿಬಿಟ್ಟಿದೆ. ಆಮೇಲೆ ಹೊರಗಿನ ಬೀಜ ಸೇರಿಸದೆ ಅದನ್ನೇ ಬಿತ್ತಿ ಬೆಳೆದು, ಮತ್ತೆ ಅದನ್ನೇ ಬಿತ್ತಿದರೆ? ನೂರು ಬೆಳೆ ಕಳೆದ ಮೇಲೆ ರಾಶಿ ದೊಡ್ಡದಾಗಿರುತ್ತದೆ, ಆದರೆ ಆ ಬಣ್ಣ ರಾಶಿಯ ತುಂಬ ಇರುತ್ತದೆ. ವೈಶ್ಯರಲ್ಲಿ ಆದದ್ದು ಇದೇ. ಬಹಳ ಹಿಂದೆ, ಸಾವಿರಾರು ವರ್ಷದ ಹಿಂದೆ, ಸ್ವಲ್ಪ ಜನರಿಂದ ಶುರುವಾದ ಗುಂಪು. ಆಮೇಲೆ ಒಳಗೊಳಗೇ ಮದುವೆ. ಇವತ್ತು ಲಕ್ಷಾಂತರ ಜನ. ಈ ಕಿಣ್ವದ ಕೊರತೆ ನಮ್ಮಲ್ಲಿ ಬೇರೆಯವರಿಗಿಂತ ಸುಮಾರು 100 ಪಟ್ಟು ಜಾಸ್ತಿ.

ಇದು ನಮ್ಮೊಬ್ಬರ ಕತೆಯಲ್ಲ. ಅವರು ನೋಡಿದ 263 ಗುಂಪುಗಳಲ್ಲಿ 81ರಲ್ಲಿ ಈ "ಒಂದು ಹಿಡಿ ಬೀಜ"ದ ಗುರುತು, ಅದಕ್ಕೇ ಹೆಸರಾದ ಫಿನ್ಲೆಂಡಿನವರಿಗಿಂತ, ಯುರೋಪ್ ಮೂಲದ ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿತ್ತು. ಅದರಲ್ಲಿ 14 ಗುಂಪುಗಳ ಜನಸಂಖ್ಯೆ ಹತ್ತು ಲಕ್ಷಕ್ಕೂ ಮೇಲೆ. ಪ್ರತಿಯೊಂದರಲ್ಲೂ ಯಾವುದೋ ಒಂದು ಬಣ್ಣದ ಬೀಜ ಇರಬಹುದು. ನಮ್ಮದು ಯಾವುದು ಎಂದು ಗೊತ್ತಾಗಿದೆ. ಉಳಿದವರದು ಹುಡುಕಬೇಕು.

ನನ್ನ ವಿದ್ಯಾರ್ಥಿಗಳು ಒಂದು ಪ್ರಶ್ನೆ ಕೇಳಿದರು, ಅದು ನನಗೆ ತುಂಬಾ ಹಿಡಿಸಿತು. "ಮಿಸ್, ಅಷ್ಟು ಮುಖ್ಯವಾದ ಕಿಣ್ವ ಇಲ್ಲದೇ ನಿಮ್ಮಮ್ಮ ಐವತ್ತೆಂಟು ವರ್ಷ ಹೇಗೆ ಆರಾಮಾಗಿದ್ದರು?" ಒಳ್ಳೆ ಪ್ರಶ್ನೆ ಅಲ್ವಾ? ನರದಿಂದ ಸ್ನಾಯುವಿಗೆ ಸಂದೇಶ ಹೋಗುವ ಜಾಗದಲ್ಲಿ ಮುಖ್ಯ ಕೆಲಸ ಮಾಡುವುದು ಇದರ ಅಣ್ಣನಂಥ ಇನ್ನೊಂದು ಕಿಣ್ವ, ಅಸಿಟೈಲ್‌ಕೋಲಿನೆಸ್ಟರೇಸ್. ಅದು ಸರಿಯಾಗಿದ್ದರೆ ದಿನದ ಬದುಕಿಗೆ ಏನೂ ಕೊರತೆಯಿಲ್ಲ. ಮೈಯೆಂದರೆ ಒಂದೊಂದು ಜೀನಿಗೂ ಒಂದೊಂದು ಕೆಲಸ ಹಂಚಿಕೊಟ್ಟ ಆಫೀಸಲ್ಲ. ಒಂದು ಲೈನ್ ಕಡಿದರೆ ಇನ್ನೊಂದರಿಂದ ಕರೆಂಟ್ ಹರಿಯುವ ಜಾಲ. ಪಾಕಿಸ್ತಾನದಲ್ಲಿ 10,503 ಜನರನ್ನು ನೋಡಿದ ಅಧ್ಯಯನವೊಂದು 2017ರಲ್ಲೇ ಬಂತು. ಅಲ್ಲೂ ಸೋದರಿಕೆಯ ಮದುವೆ ಜಾಸ್ತಿ. ಎರಡೂ ಪ್ರತಿ ಕೆಟ್ಟುಹೋದ ಜೀನ್‌ಗಳು ಅವರೆಲ್ಲರಲ್ಲಿ ಸೇರಿ 1,317 ಸಿಕ್ಕವು. ಅವರು ಓಡಾಡಿಕೊಂಡು, ಸಂಸಾರ ಮಾಡಿಕೊಂಡು ಇದ್ದ ಜನ. ಒಂದು ಜೀನನ್ನು ಬಿಡಿಯಾಗಿ ನೋಡಿದರೆ ಸಾಲದು, ಅದು ಯಾವ ಜಾಲದಲ್ಲಿ ಕೂತಿದೆ, ಹೊರಗಿನಿಂದ ಏನು ಬಂದಾಗ ಅದರ ಕೊರತೆ ಕಾಣುತ್ತದೆ ಎಂದು ನೋಡಬೇಕು. ನಮ್ಮ ಈ ಬದಲಾವಣೆ ಸಾವಿರಾರು ವರ್ಷ ಯಾರ ಕಣ್ಣಿಗೂ ಬೀಳದೆ ಇತ್ತು. ಸ್ಕೋಲಿನ್ ಬಂದ ಮೇಲೆ ಎದ್ದು ಕಂಡಿತು.

ಹಾಗಾದರೆ ಇದು ಕಾಯಿಲೆಯಲ್ಲ. ದಯವಿಟ್ಟು ಈ ಮಾತನ್ನು ನಿಮ್ಮ ಇಲಾಖೆಯವರೂ ನಮ್ಮ ಜನರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮಾತ್ರೆ ಬೇಡ, ಪಥ್ಯ ಬೇಡ. ಆಪರೇಷನ್ನಿಗೆ ಮೊದಲು ಗೊತ್ತಿದ್ದರೆ ಸಾಕು, ಡಾಕ್ಟರು ಬೇರೆ ಔಷಧ ಕೊಡುತ್ತಾರೆ. ಅಟ್ರಾಕ್ಯೂರಿಯಂ ಇದೆ, ರೋಕ್ಯುರೋನಿಯಂ ಇದೆ. ಇವಕ್ಕೆ ಈ ಕಿಣ್ವದ ಹಂಗಿಲ್ಲ. ಅಕಸ್ಮಾತ್ ಸ್ಕೋಲಿನ್ ಹೋಗಿಬಿಟ್ಟರೂ, ವೆಂಟಿಲೇಟರ್ ಇದ್ದು, ರೋಗಿಯನ್ನು ನಿದ್ದೆಯಲ್ಲೇ ಇಟ್ಟುಕೊಂಡು ಕಾದರೆ ಪ್ರಾಣಕ್ಕೆ ಅಪಾಯವಾಗದಂತೆ ದಾಟಿಸಬಹುದು. ಮಾವನಿಗೆ ಆದದ್ದು ಹಾಗೆ. ಅವನಿಗೆ ಏನೂ ನೆನಪಿಲ್ಲ. ಅಮ್ಮನಿಗೆ ಎಲ್ಲ ನೆನಪಿದೆ. ಒಂದೇ ತಾಯಿಯ ಮಕ್ಕಳು, ಒಂದೇ ರಕ್ತ, ಒಂದೇ ಇಂಜೆಕ್ಷನ್. ಒಬ್ಬ ಡಾಕ್ಟರಿಗೆ ಗೊತ್ತಿತ್ತು, ಇನ್ನೊಬ್ಬರಿಗೆ ತಕ್ಷಣ ಹೊಳೆಯಲಿಲ್ಲ. ವ್ಯತ್ಯಾಸ ಅಷ್ಟೇ.

ಇನ್ನು ಪರೀಕ್ಷೆಯ ಮಾತು. ಸಚಿವರೇ, ಇಲ್ಲಿ ನಿಮ್ಮ ಗಮನ ಬೇಕು. ಇದಕ್ಕೆ ಜೀನೋಮ್ ಓದಿಸಬೇಕಿಲ್ಲ, ಬೆಂಗಳೂರಿಗೆ ಕಳಿಸಬೇಕಿಲ್ಲ. ಹೊಲಕ್ಕೆ ಹೊಡೆಯುವ ಔಷಧ ಕುಡಿದು ಬಂದವರಿಗೆ ಆಸ್ಪತ್ರೆಯಲ್ಲಿ ಯಾವ ರಕ್ತ ಪರೀಕ್ಷೆ ಮಾಡುತ್ತಾರೋ ಅದೇ ಕೋಲಿನೆಸ್ಟರೇಸ್ ಪರೀಕ್ಷೆ ಇದು. ಆ ವಿಷ ಈ ಕಿಣ್ವವನ್ನೂ ಹಿಡಿಯುತ್ತದೆ. ಅಂಥ ಕೇಸುಗಳು ನಮ್ಮ ಬಯಲುಸೀಮೆಯ ಆಸ್ಪತ್ರೆಗಳಿಗೆ ಹೊಸತಲ್ಲ, ಈ ಪರೀಕ್ಷೆಯ ಹೆಸರೂ ಹೊಸತಲ್ಲ. ಅಮ್ಮನ ರಿಪೋರ್ಟಿನಲ್ಲಿ ಸಾವಿರಗಳಲ್ಲಿ ಇರಬೇಕಾದ ಅಂಕಿ ಸೊನ್ನೆಯ ಹತ್ತಿರ ಇತ್ತು. ಮಾವನದೂ ಹಾಗೇ. ನನ್ನದು ನಡುವೆ ಎಲ್ಲೋ ಬಂತು, ಅಂದರೆ ಅಮ್ಮನಿಂದ ಒಂದು ಪ್ರತಿ ನನಗೂ ಇಳಿದಿದೆ. ಲಿವರ್ ತೊಂದರೆ ಇದ್ದವರಲ್ಲಿ, ಅಪೌಷ್ಟಿಕತೆಯಲ್ಲಿ, ಬಸುರಿನಲ್ಲಿ ಕೂಡ ಅಂಕಿ ಕೆಳಗಿಳಿಯುತ್ತದೆ. ಹಾಗಾಗಿ ಒಂದು ಸಲ ಕಡಿಮೆ ಬಂದ ಕೂಡಲೇ ಹುಟ್ಟಿನಿಂದ ಬಂದದ್ದು ಅನ್ನಬಾರದು, ಅನುಮಾನ ಇದ್ದರೆ ಮತ್ತೆ ನೋಡಬೇಕು. ಆದರೆ ಸೊನ್ನೆಯ ಹತ್ತಿರ ಬಂದದ್ದನ್ನು ಯಾರೂ ಸುಮ್ನೆ ಬಿಡುವಂತಿಲ್ಲ.

ಈಗ ನಡೆಯುತ್ತಿರುವುದು ಏನು? ಗೊತ್ತಿರುವ ಡಾಕ್ಟರು ಮೆಲ್ಲಗೆ ಜಾತಿ ಕೇಳುತ್ತಾರೆ. ಅವರ ಉದ್ದೇಶ ಒಳ್ಳೆಯದು. ನಮ್ಮ ಮಾವ ಆರಾಮಾಗಿ ಎದ್ದದ್ದೂ ಆ ಅನುಭವದಿಂದಲೇ, ನಾನು ಆ ಡಾಕ್ಟರಿಗೆ ಋಣಿ. ಆದರೆ ಈ ದಾರಿ ಸಾಲದು. ಶೆಟ್ಟಿ ಅಂತ ಹೆಸರಿದ್ದರೆ ಅನುಮಾನ ಪಡುತ್ತಾರೆ. ಮಂಗಳೂರಿನ ಬಂಟರ ಶೆಟ್ಟಿಗೂ ನಮ್ಮ ಶೆಟ್ಟಿಗೂ ಏನೂ ಸಂಬಂಧವಿಲ್ಲ. ನಮ್ಮಲ್ಲೇ ಗುಪ್ತ ಎಂದು ಇಟ್ಟುಕೊಂಡವರಿದ್ದಾರೆ, ಬರೀ ಇನಿಷಿಯಲ್ ಇಟ್ಟುಕೊಂಡವರಿದ್ದಾರೆ. ಬೇರೆ ಸಮುದಾಯಗಳಲ್ಲೂ ಈ ಕೊರತೆ ಇರುವವರು ಇದ್ದಾರೆ, ಕಡಿಮೆ ಅಷ್ಟೇ. ಅವರನ್ನು ಕೇಳುವವರೇ ಇಲ್ಲ. ಆಪರೇಷನ್ ಟೇಬಲ್ಲಿನ ಮೇಲೆ ಮಲಗುವ ಹೆಂಗಸಿಗೆ ಜಾತಿ ಕೇಳಿದರೆ ಅವಳ ಮನಸ್ಸಿಗೆ ಏನಾಗುತ್ತದೆ ಎಂದೂ ಯೋಚಿಸಬೇಕು. ಅದರ ಬದಲು ಎಲ್ಲರಿಗೂ ಒಂದೇ ಪ್ರಶ್ನೆ ಇರಲಿ, ಅಚ್ಚಕನ್ನಡದಲ್ಲಿ, ಆಪರೇಷನ್ ಮುಂಚಿನ ತಪಾಸಣೆಯ ಫಾರ್ಮಿನಲ್ಲೇ ಅಚ್ಚಾಗಿರಲಿ: "ನಿಮಗಾಗಲಿ, ನಿಮ್ಮ ಒಡಹುಟ್ಟಿದವರಿಗಾಗಲಿ, ಹತ್ತಿರದ ರಕ್ತಸಂಬಂಧಿಗಳಿಗಾಗಲಿ ಆಪರೇಷನ್ ಆದ ಮೇಲೆ ಎಚ್ಚರವಾಗಲು, ಉಸಿರಾಡಲು ತುಂಬಾ ಹೊತ್ತು ಹಿಡಿದಿತ್ತಾ?" ಹೌದು ಅಂದರೆ ಕೋಲಿನೆಸ್ಟರೇಸ್ ನೋಡಿ. ನನಗೂ ಈ ಪರೀಕ್ಷೆ ಮಾಡಿ ಎಂದು ಯಾರಾದರೂ ತಾವಾಗಿ ಕೇಳಿದರೂ ನೋಡಿ. ತಾಲೂಕು ಆಸ್ಪತ್ರೆಗಳ ಲ್ಯಾಬಿನಲ್ಲಿ ಈ ಪರೀಕ್ಷೆಯ ಕಿಟ್ ಖಾಲಿಯಾಗದ ಹಾಗೆ ನೋಡಿಕೊಳ್ಳಿ.

ಬಸುರಿಯರ ವಿಷಯ ಬೇರೆಯಾಗಿಯೇ ಹೇಳಬೇಕು. ಸಿಸೇರಿಯನ್‌ಗೆ ಸಾಮಾನ್ಯವಾಗಿ ಬೆನ್ನಿಗೇ ಇಂಜೆಕ್ಷನ್ ಕೊಡುತ್ತಾರೆ. ಆದರೆ ಮಗುವಿನ ಎದೆಬಡಿತ ಇಳಿಯುತ್ತಿದೆ, ಒಂದು ನಿಮಿಷವೂ ಕಾಯುವಂತಿಲ್ಲ ಎಂದಾಗ ಪೂರ್ತಿ ಮತ್ತು ಬರಿಸಬೇಕಾಗುತ್ತದೆ. ಆಗ ಸ್ಕೋಲಿನ್ ಕೈಗೆ ಬರುತ್ತದೆ. ರಾತ್ರಿ ಎರಡು ಗಂಟೆಗೆ ಲ್ಯಾಬ್ ತೆಗೆಸಿ ಕಿಣ್ವ ನೋಡಲು ಯಾರಿಗೆ ಪುರುಸೊತ್ತು? ಅದಕ್ಕೇ ಮೊದಲೇ ಗೊತ್ತಿರಬೇಕು. ತಾಯಿ ಕಾರ್ಡಿನಲ್ಲಿ ರಕ್ತದ ಗುಂಪು, ಹಿಮೋಗ್ಲೋಬಿನ್ ಬರೆಯುವ ಕಡೆ ಈ ಪ್ರಶ್ನೆಗೂ ಒಂದು ಗೆರೆ ಕೊಡಿ. ಆಶಾ ಕಾರ್ಯಕರ್ತೆಯರು ಮನೆಗೆ ಹೋದಾಗ ಅತ್ತೆಯನ್ನೂ ಅಮ್ಮನನ್ನೂ ಕೂರಿಸಿಕೊಂಡು ಕೇಳಿದರೆ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾರ ಆಪರೇಷನ್ನಿನಲ್ಲಿ ಏನಾಯಿತು ಎಂದು ನಮ್ಮ ಮನೆ ಹೆಂಗಸರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ?

ಇನ್ನೊಂದು. ಎಲ್ಲೇ ಹೀಗೆ ಆದರೂ, ಸರ್ಕಾರಿ ಆಗಲಿ ಖಾಸಗಿ ಆಗಲಿ, ಡಿಸ್ಚಾರ್ಜ್ ಸಮ್ಮರಿಯಲ್ಲಿ ಔಷಧದ ಹೆಸರು ಬರೆಯುವುದು ಕಡ್ಡಾಯವಾಗಲಿ. ಒಂದು ಕಾರ್ಡ್ ಕೊಡಲಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಒಡಹುಟ್ಟಿದವರನ್ನು ಕರೆಸಿ ಪರೀಕ್ಷೆ ಮಾಡಿಸಿ ಎಂದು ಹೇಳಿ ಕಳಿಸಲಿ. ಅಪ್ಪ ಅಮ್ಮ ಇಬ್ಬರಲ್ಲೂ ಒಂದೊಂದು ಪ್ರತಿ ಇದ್ದರೆ, ಹುಟ್ಟುವ ಒಂದೊಂದು ಮಗುವಿಗೂ ಈ ಕೊರತೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಅಮ್ಮನ ಸಮ್ಮರಿಯಲ್ಲಿ ಆ ಒಂದು ಸಾಲು ಇದ್ದಿದ್ದರೆ ಮಾವನಿಗೆ ಸ್ಕೋಲಿನ್ ಹೋಗುತ್ತಲೇ ಇರಲಿಲ್ಲ.

ಕಾರ್ಡ್ ಕೊಡುವುದು ಆಗದ ಕೆಲಸವಲ್ಲ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ (ವಂಶದಲ್ಲಿ ಇಳಿಯುವ ಒಂದು ರಕ್ತದ ಕಾಯಿಲೆ) ಅಭಿಯಾನದಲ್ಲಿ ಪರೀಕ್ಷೆ ಮಾಡಿಸಿಕೊಂಡವರಿಗೆ ಕಾರ್ಡ್ ಕೊಡುವ ವ್ಯವಸ್ಥೆಯಿದೆ. ನಮ್ಮ ರಾಜ್ಯದ ಕಾಡಂಚಿನ ಬುಡಕಟ್ಟು ಜನರಿಗೂ ಅದು ಬೇಕಾದದ್ದೇ. 1952ರಲ್ಲಿ ನೀಲಗಿರಿಯಲ್ಲಿ ಸಿಕಲ್ ಸೆಲ್ ಇರುವುದನ್ನು ವರದಿ ಮಾಡಿದವರಲ್ಲಿ ಒಬ್ಬರು ಹರ್ಮನ್ ಲೇಮನ್ ಎಂಬ ವಿಜ್ಞಾನಿ. ಸ್ಕೋಲಿನ್ ತಡೆಯದ ಗುಣ ಮನೆತನದಲ್ಲಿ ಹರಿದುಬರುತ್ತದೆ ಎಂದು 1956ರಲ್ಲಿ ತೋರಿಸಿದವರಲ್ಲೂ ಅವರೇ ಒಬ್ಬರು. ಅವರು ತೋರಿಸಿಕೊಟ್ಟ ಮೊದಲನೆಯದಕ್ಕೆ ದೇಶ ಅಭಿಯಾನ ಮಾಡಿದೆ. ಎರಡನೆಯದಕ್ಕೆ ಅಭಿಯಾನ ಬೇಡ, ಫಾರ್ಮಿನಲ್ಲಿ ಒಂದು ಸಾಲು ಸಾಕು.

ನಮ್ಮ ಸಮಾಜದ ಹಿರಿಯರಿಗೂ ಇಲ್ಲೇ ಎರಡು ಮಾತು ಹೇಳಿಬಿಡುತ್ತೇನೆ. ಪೂಜ್ಯರೇ, ಗೋತ್ರ ಬೇರೆ ಇದ್ದರೆ ಸಾಕು ಎಂದು ನಾವು ನಂಬಿದ್ದೇವೆ. ನಮ್ಮ ಅಜ್ಜಿ ಅಜ್ಜ ಸೋದರಿಕೆಯವರಲ್ಲ. ಗೋತ್ರ ಬೇರೆ, ಊರು ಬೇರೆ, ಮದುವೆಗೆ ಮೊದಲು ಒಬ್ಬರ ಮನೆ ಒಬ್ಬರಿಗೆ ಗೊತ್ತಿರಲಿಲ್ಲ. ಆದರೂ ಅವರ ಇಬ್ಬರು ಮಕ್ಕಳಿಗೆ ಇದು ಬಂತು. ಗೋತ್ರ ಹೇಳುವುದು ಅಪ್ಪನ, ಅವರಪ್ಪನ ದಾರಿಯೊಂದನ್ನೇ. ಅಮ್ಮನ ಕಡೆಯಿಂದ, ಅಜ್ಜಿಯ ಕಡೆಯಿಂದ ಇಳಿದುಬಂದದ್ದನ್ನು ಅದು ಲೆಕ್ಕ ಹಿಡಿಯುವುದಿಲ್ಲ. ಮೊದಲ ಹಿಡಿಯಲ್ಲೇ ಇದ್ದ ಬೀಜ 102 ಗೋತ್ರಗಳಲ್ಲಿ ಯಾವುದರಲ್ಲಿ ಬೇಕಾದರೂ ಇರಬಹುದು.

ಇದನ್ನು ಕೇಳಿ ಸಂಬಂಧ ಮುರಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಈ ಕಾರಣಕ್ಕೆ ಒಂದು ಹುಡುಗಿಯನ್ನು ಬೇಡ ಅನ್ನುವುದು ಶುದ್ಧ ಅನ್ಯಾಯ. ವಾಸವಿ ಜಯಂತಿಯ ದಿನ ದೇವಸ್ಥಾನದಲ್ಲಿ ರಕ್ತದಾನ ಶಿಬಿರ ಇಡುತ್ತೀರಲ್ಲ, ಅದೇ ದಿನ ಇಷ್ಟವಿದ್ದವರಿಗೆ ಈ ಪರೀಕ್ಷೆಯನ್ನೂ ಮಾಡಿಸಿ. ಫಲಿತಾಂಶ ಅವರವರ ಕೈಗೆ ಮಾತ್ರ ಹೋಗಲಿ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಯಹೂದಿಗಳಲ್ಲಿ ಜೋಸೆಫ್ ಎಕ್‌ಸ್ಟೈನ್ ಎಂಬ ರಬ್ಬಿಯ, ಅಂದರೆ ಧರ್ಮಗುರುವಿನ, ಕತೆ ಕೇಳಿ. ಟೇ-ಸ್ಯಾಕ್ಸ್ ಎಂಬ ವಂಶದ ಕಾಯಿಲೆಯಿಂದ ನಾಲ್ಕು ಮಕ್ಕಳನ್ನು ಕಳೆದುಕೊಂಡವರು. 1983ರಲ್ಲಿ ಅವರು ಡೋರ್ ಯೆಶೋರಿಮ್ ಎಂಬ ಸಂಸ್ಥೆ ಕಟ್ಟಿದರು. ಮದುವೆ ವಯಸ್ಸಿನ ಹುಡುಗ ಹುಡುಗಿಯರಿಗೆ ಪರೀಕ್ಷೆ ಮಾಡಿ ಒಂದು ನಂಬರ್ ಕೊಡುತ್ತಾರೆ, ಹೆಸರಿಲ್ಲ. ನಾವು ಜಾತಕ ನೋಡುವ ಹಂತದಲ್ಲಿ ಅವರು ಎರಡು ನಂಬರ್ ಹೇಳಿ, ಕೂಡುತ್ತದೋ ಇಲ್ಲವೋ ಎಂದು ಕೇಳುತ್ತಾರೆ. ಯಾರ ಮನೆತನಕ್ಕೂ ಕಳಂಕ ಹತ್ತುವುದಿಲ್ಲ. ನಮ್ಮ ಕೊರತೆಗೆ ಅಷ್ಟು ದೂರ ಹೋಗಬೇಕಿಲ್ಲ, ಇದು ಟೇ-ಸ್ಯಾಕ್ಸಿನಂಥ ಕಾಯಿಲೆಯಲ್ಲ. ಆದರೆ ಗುಟ್ಟು ಕಾಯುವ ಆ ಕ್ರಮ ನಮಗೂ ಬೇಕು.

ಮತ್ತೆ ಸಚಿವರಿಗೆ. ನಮ್ಮ ಸಮಾಜಕ್ಕೆ ಸಂಘವಿದೆ, ಛತ್ರವಿದೆ, ನಾಲ್ಕು ಜನ ಓದಿದವರಿದ್ದಾರೆ. ನಾವು ಹೇಗೋ ಮಾಡಿಕೊಂಡೇವು. ಸಾಗರ ತಾಲೂಕಿನ ಹಂದಿಗೋಡು ನೆನಪಿಸಿಕೊಳ್ಳಿ. 1970ರ ದಶಕದಿಂದ ಆ ಊರಿನ ಹೆಸರೇ ಒಂದು ಕೀಲುಮೂಳೆಯ ಕಾಯಿಲೆಗೆ ಅಂಟಿಕೊಂಡಿದೆ. ಅದರ ಬಗೆ ಬೇರೆ, ಆದರೆ ಅದೂ ವಂಶದಲ್ಲಿ ಇಳಿಯುವಂಥದ್ದೇ. ಅನುಭವಿಸುತ್ತಿರುವವರು ಬಡ ದಲಿತ ಕುಟುಂಬಗಳು. ಅಂಥವರ ಪರವಾಗಿ ಪತ್ರ ಬರೆಯಲು ಊರಿಗೊಬ್ಬಳು ವಿಜ್ಞಾನ ಶಿಕ್ಷಕಿ ಇರುವುದಿಲ್ಲ.

ಈ ದೇಶದ ದೊಡ್ಡ ಜೀನೋಮ್ ಕೆಲಸ ನಡೆದದ್ದು ನಮ್ಮ ಬೆಂಗಳೂರನ್ನು ಕೇಂದ್ರ ಮಾಡಿಕೊಂಡೇ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಮುಂದೆ ನಿಂತು, 20 ಸಂಸ್ಥೆಗಳು ಸೇರಿ, ಸುಮಾರು 10,000 ಜನರ ಜೀನೋಮ್ ಓದಿದವು. 80ಕ್ಕೂ ಹೆಚ್ಚು ಸಮುದಾಯಗಳ ಜನ. 2025ರ ಜನವರಿ 9ರಂದು ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದಿಟ್ಟರು. ಓದಿದಾಗ ನನಗೆ ಹೆಮ್ಮೆ ಅನಿಸಿತು, ಕ್ಲಾಸಿನಲ್ಲಿ ಮಕ್ಕಳಿಗೂ ಹೇಳಿದೆ. ಈಗ ಆ ಮಾಹಿತಿ ಫರೀದಾಬಾದಿನ ಜೈವಿಕ ಮಾಹಿತಿ ಕೇಂದ್ರದಲ್ಲಿದೆ. ಅಲ್ಲಿಂದ ನಮ್ಮ ತಾಲೂಕು ಆಸ್ಪತ್ರೆಯ ಅನಸ್ತೇಶಿಯಾ ಡಾಕ್ಟರ ಮೇಜಿನವರೆಗೆ ದಾರಿ ಮಾಡುವ ಕೆಲಸ ವಿಜ್ಞಾನಿಗಳದಲ್ಲ, ನಿಮ್ಮದು. ಬೆಂಗಳೂರಿನ ಆ ವಿಜ್ಞಾನಿಗಳನ್ನು ಕರೆಯಿರಿ. ಯಾವ ಜಿಲ್ಲೆಯಲ್ಲಿ ಯಾವ ಬದಲಾವಣೆಯ ಬಗ್ಗೆ ಡಾಕ್ಟರುಗಳಿಗೆ ಗೊತ್ತಿರಬೇಕು ಎಂದು ಎರಡು ಪುಟ ಬರೆಸಿಕೊಳ್ಳಿ, ಜಾತಿಯ ಪಟ್ಟಿಯಾಗಿ ಅಲ್ಲ, ಔಷಧ ಮತ್ತು ಪರೀಕ್ಷೆಯ ಪಟ್ಟಿಯಾಗಿ. ಅದು ಜಿಲ್ಲಾ ಆಸ್ಪತ್ರೆಗೂ ತಾಲೂಕು ಆಸ್ಪತ್ರೆಗೂ ತಲುಪಲಿ, ಗೋಡೆಗೆ ಅಂಟಲಿ.

ಅಮ್ಮನ ಪರ್ಸಿನಲ್ಲಿ ಈಗ ನಾನೇ ಬರೆದ ಒಂದು ಕಾರ್ಡಿದೆ. ಕೆಂಪು ಇಂಕಿನಲ್ಲಿ ಕನ್ನಡ, ಇಂಗ್ಲಿಷ್ ಎರಡರಲ್ಲೂ "ಸ್ಕೋಲಿನ್ ಕೊಡಬೇಡಿ" ಎಂದಿದೆ, ಕೆಳಗೆ ಪರೀಕ್ಷೆಯ ಅಂಕಿ. ಲ್ಯಾಮಿನೇಷನ್ ಮಾಡಿಸಿದ್ದೇನೆ. ಅದಕ್ಕೆ ಯಾವ ಸೀಲೂ ಇಲ್ಲ, ಸಹಿಯೂ ಇಲ್ಲ. ರಾತ್ರಿ ಹೊತ್ತು ಗೊತ್ತಿಲ್ಲದ ಊರಿನ ಆಸ್ಪತ್ರೆಯಲ್ಲಿ ಅದನ್ನು ಎಷ್ಟು ಜನ ನಂಬುತ್ತಾರೋ.

ಈ ಪತ್ರದ ಜೊತೆ ಆಪರೇಷನ್ ಮುಂಚಿನ ತಪಾಸಣೆಯ ಒಂದು ಖಾಲಿ ಫಾರ್ಮಿನ ಜೆರಾಕ್ಸ್ ಇಟ್ಟಿದ್ದೇನೆ. "ಅಲರ್ಜಿ ಇದೆಯೇ" ಎಂಬ ಪ್ರಶ್ನೆಯ ಕೆಳಗೆ ಒಂದು ಬೆರಳಿನಷ್ಟು ಜಾಗ ಖಾಲಿ ಇದೆ. ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ.

ಇಂತಿ,
ಪಾವಗಡ ತಾಲೂಕಿನ ಒಬ್ಬ ವಿಜ್ಞಾನ ಶಿಕ್ಷಕಿ